ಕೇಳಿ ಕುಡಿದ ನೀರು

ಊಟದ ತಟ್ಟೆಯಷ್ಟೇ ಅಗಲದ ಆ ದುಂಡು ಕಿಟಕಿಯಾಚೆ ಕಾಣುತ್ತಿದ್ದುದು ಬರೀ ಕೆಂಪು ಮಣ್ಣು. ಊರಾಚೆ ಕೈಬಿಟ್ಟಿದ್ದ ಕಲ್ಲುಕ್ವಾರಿಯೊಳಗೆ ಗುಮ್ಮಟದಂಥ ಮನೆ ಕಟ್ಟಿ, ಇದನ್ನೇ ಮಂಗಳ ಗ್ರಹ ಅಂದುಕೊಂಡು ಬದುಕಿ ತೋರಿಸಿ, ಗೆದ್ದವರನ್ನು ಮುಂದಿನ ಯಾನಕ್ಕೆ ಆರಿಸುತ್ತೇವೆ ಎಂದು ನಮ್ಮನ್ನು ಒಳಗೆ ಹಾಕಿ ಬಾಗಿಲು ಮುಚ್ಚಿದ್ದರು. ನಾನು ತಂಡದ ವೈದ್ಯೆ. ಕಾಲಿಗೆ ಚಕ್ರ ಕಟ್ಟಿಕೊಂಡು ಹುಟ್ಟಿದವಳು ಎಂದು ಅಮ್ಮನಿಂದ ಬೈಸಿಕೊಂಡವಳು. ಅಂಥವಳನ್ನು ಕೂಡಿಹಾಕಿದರೆ ಇನ್ನೇನಾದೀತು? ಕಿಟಕಿಗೂ ಅಡುಗೆಯ ಮೂಲೆಗೂ ನಡೆದು ನಡೆದು ಉಳಿದವರ ತಲೆ ತಿಂದೆ.

ಉಳಿದವರೆಂದರೆ ಇಬ್ಬರೇ. ಗಿಡ ಬೆಳೆಸುವ ಅಂಬುಜಾ, ಯಂತ್ರಗಳ ಹೊಣೆ ಹೊತ್ತ ಗುರುಪಾದಪ್ಪ. ಗುರುಪಾದಪ್ಪನವರು ಹಿಂದೆ ಎರಡು ಸಲ ಆಯ್ಕೆಯ ಹೊಸ್ತಿಲಲ್ಲಿ ಎಡವಿದ್ದರು. ವಯಸ್ಸು ಮೀರುತ್ತಿತ್ತು, ಇದೇ ಕೊನೆಯ ಅವಕಾಶ. "ಈ ಸಲ ಆಗ್ಲಿಲ್ಲಂದ್ರ ಆಕಾಶ ನೋಡೋದ ಬಿಟ್ಟಬಿಡತೀನ್ರಿ" ಎಂದು ನಗುತ್ತ ಹೇಳುತ್ತಿದ್ದರು. ಹೇಳುವಾಗ ಅವರ ಕಣ್ಣು ನಗುತ್ತಿರಲಿಲ್ಲ.

ಅಲ್ಲಿ ನೀರು ಅಳೆದಷ್ಟೇ. ಹೊರಗಿನಿಂದ ಒಂದು ಹನಿಯೂ ಹೆಚ್ಚಿಗೆ ಬರುವಂತಿಲ್ಲ. ಇನ್ನೊಂದು ನಿಯಮವೂ ಇತ್ತು: ಸಂಜೆ ರೇಡಿಯೋದಲ್ಲಿ ತರಬೇತಿಯ ಫಿಲೋಮಿನಾ ಮೇಡಂ ಕೇಳಿದಾಗ, ಒಬ್ಬೊಬ್ಬರೂ ತಮ್ಮ ಕೊರತೆ, ಕಿರಿಕಿರಿಗಳನ್ನು ಬಾಯಿಬಿಟ್ಟು ಹೇಳಲೇಬೇಕು. ಅಂಬುಜಾ ನನ್ನ ನಡಿಗೆಯನ್ನು ದೂರುತ್ತಿದ್ದಳು, ನಾನು ಅವಳ ಗೊರಕೆಯನ್ನು. ಗುರುಪಾದಪ್ಪನವರದು ಒಂದೇ ಮಾತು: "ನಂದೇನಿಲ್ರೀ, ಎಲ್ಲಾ ಆರಾಮ." ಬಂಗಾರದಂಥ ಮನುಷ್ಯ ಎಂದುಕೊಂಡೆವು.

ಆಮೇಲೆ ಅಂಬುಜಾಗೆ ಜ್ವರ ಬಂತು. ಎಲ್ಲರೂ ನೀರು ಕುಡಿದಿದ್ದಾರೆಯೇ ಎಂದು ವಿಚಾರಿಸುವುದು ನನ್ನ ಕೆಲಸ. ಕೇಳಿದರೆ ಗುರುಪಾದಪ್ಪನವರು, ಬಡಿಸಲು ಬಂದವರನ್ನು ತಡೆಯುವ ನೆಂಟರಂತೆ, ಅಂಗೈ ಅಡ್ಡ ಹಿಡಿದು, "ನಂದು ಆಗೇದ್ರಿ, ಸಾಕು" ಎಂದರು.

ಮರುದಿನ ಮಧ್ಯಾಹ್ನ ಗುರುಪಾದಪ್ಪನವರೂ ನಾನೂ ಭಾರದ ಗಗನಯಾತ್ರಿ ಉಡುಪು ತೊಟ್ಟು, ಬಂಡೆಯ ಮೇಲಿನ ಆಂಟೆನಾ ಸರಿಪಡಿಸಲು ಹೊರಟೆವು. ಬೋಲ್ಟು ಬಿಗಿಯಲು ಬಗ್ಗಿದವರು ಮೇಲೇಳಲೇ ಇಲ್ಲ. "ಗುರುಪಾದಪ್ಪನವರೇ!" ಭುಜ ಹಿಡಿದು ಅಲುಗಿಸಿದೆ. ಕೆಂಪು ಮಣ್ಣಿನ ಮೇಲೆ ಅವರನ್ನು ಹೇಗೆ ಎಳೆದು ತಂದೆನೋ, ನನಗೇ ಗೊತ್ತಿಲ್ಲ.

ಒಳಗೆ ಹೆಲ್ಮೆಟ್ ತೆಗೆದರೆ ತುಟಿ ಬಿರಿದಿತ್ತು. ಅಂಬುಜಾ ಅಳತೊಡಗಿದಳು. "ಅಯ್ಯೋ ಡಾಕ್ಟ್ರೇ, ನಿನ್ನೆಯಿಂದ ಅವರ ನೀರೆಲ್ಲ ನನಗೇ ಕುಡಿಸ್ತಿದ್ರು. ತಾವು ಕುಡಿದು ಮಿಕ್ಕಿದ್ದು ಅಂದ್ರು!" ನನಗೆ ಸಿಟ್ಟು ನೆತ್ತಿಗೇರಿತು. ಸಲೈನ್ ಏರಿಸಿದೆ. ಅವರಿಗೆ ಹೋದ ಜೀವ ಬಂತು, ಬಾಯಾರಿಕೆ ಮಾತ್ರ ಹೋಗಿರಲಿಲ್ಲ.

ಸಂಜೆ ಫಿಲೋಮಿನಾ ಮೇಡಂ ತಾವೇ ಬಾಗಿಲು ತೆಗೆದು ಬಂದರು. ಉಳಿದಿದ್ದ ನೀರಿನ ಹೂಜಿಯನ್ನು ಗುರುಪಾದಪ್ಪನವರ ಎದುರಿಗಿಟ್ಟರು. ಅದು ನನ್ನ, ಅಂಬುಜಾಳ ಪಾಲು.

"ಮನೇಲಿ ನಿಮ್ಮ ಈ ದೊಡ್ಡತನ ಚೆನ್ನ, ಗುರುಪಾದಪ್ಪ. ಮಂಗಳದಲ್ಲಿ ನೀವು ಬಿದ್ರೆ, ಎತ್ತೋಕೆ ಬಂದವರೂ ಸಾಯ್ತಾರೆ. ನಿಮಗೆ ಬೇಕಾದ್ದನ್ನ ಇವರ ಹತ್ರ ಬಾಯಿಬಿಟ್ಟು ಕೇಳಿ. ಕೇಳಿದ್ರೆ ಇರ್ತೀರಿ. ಇಲ್ಲಾಂದ್ರೆ ಈಗಲೇ ನನ್ನ ಜೊತೆ ಹೊರಡಿ."

"ಇವರ ಪಾಲಿನ ನೀರು ನಾ ಹೆಂಗ ಕೇಳ್ಲಿ, ಮೇಡಂ? ನಮ್ಮವ್ವ ಹಸದು ಕುಂತಾಗೂ 'ನಂದು ಆಗೇದ' ಅಂತಿದ್ಲು. ಅದನ್ನ ನೋಡಿ ಬೆಳದಾಂವ ನಾ."

"ಕೇಳಿಬಿಡಿ ಮಾರಾಯರೇ!" ಎಂದೆ ನಾನು.

"ನೀವು ಸುಮ್ಮನಿರಿ," ಎಂದರು ಮೇಡಂ.

ಸುಮ್ಮನಿರುವುದು ನನ್ನ ಜಾತಕದಲ್ಲೇ ಇಲ್ಲ. ಎದ್ದು ಕಿಟಕಿಗೆ ಹೋದೆ. ಮಣ್ಣು ಕಪ್ಪಾಗುತ್ತಿತ್ತು. ಹಿಂದೆ ಕುರ್ಚಿ ಸರಿದ ಸದ್ದು. ಹೊರಟೇಬಿಟ್ಟರು, ಮುಗಿಯಿತು ಎಂದುಕೊಂಡೆ. ತಿರುಗಿ ನೋಡುವ ಧೈರ್ಯವಾಗಲಿಲ್ಲ.

"ಡಾಕ್ಟ್ರ... ನನಗ ನೀರು ಬೇಕ್ರಿ."

ಸುರಿದುಕೊಟ್ಟೆ. ಒಂದೇ ಉಸಿರಿಗೆ ಕುಡಿದರು. ಕುಡಿಯುವಾಗ ಕಣ್ಣೀರು ಗದ್ದಕ್ಕಿಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ನನ್ನ ಪಾಲು ಅಲ್ಲಿಗೆ ಮುಗಿದಿತ್ತು. ಹೂಜಿ ಕೆಳಗಿಟ್ಟೆ. ಅವರು ಲೋಟವನ್ನು ಅಂಬುಜಾಳತ್ತ ಚಾಚಿದರು.

"ಇನ್ನೂ ಬೇಕು, ತಂಗಿ."

ಅಂಬುಜಾ ಸುರಿಯುತ್ತಿದ್ದಂತೆ ಫಿಲೋಮಿನಾ ಮೇಡಂ ಒಬ್ಬರೇ ಹೊರಗೆ ನಡೆದು, ಸದ್ದಾಗದಂತೆ ಬಾಗಿಲೆಳೆದುಕೊಂಡರು.