ಅನಂತಮ್ಮನ ಪೋಸ್ಟ್ ಕಾರ್ಡು

ರಾಯದುರ್ಗದಲ್ಲಿ ಜೀನ್ಸ್ ಪ್ಯಾಂಟು ಹೊಲಿಯುವ ಸಣ್ಣಬಸಪ್ಪನಿಗೆ ಹಳೇ ಸ್ಟಾಂಪಿನ ಹುಚ್ಚು. ಅದೂ ತನ್ನೂರಿನ ಮುದ್ರೆ ಬಿದ್ದ ಸ್ಟಾಂಪೇ ಆಗಬೇಕು. ಈಗ ಆಂಧ್ರದಲ್ಲಿರುವ ರಾಯದುರ್ಗ 1953ರವರೆಗೆ ಬಳ್ಳಾರಿ ಜಿಲ್ಲೆಗೆ ಸೇರಿತ್ತು ಅಂತ ಅವನು ಹೇಳಿದರೆ ಜೊತೆಯ ಟೈಲರುಗಳು ನಗುತ್ತಿದ್ದರು. ಅವರ ಮುಂದೆ ಹಿಡಿಯಲು ಒಂದು ಕಾಗದ ಬೇಕಿತ್ತು.

ಅಂಥದ್ದು ಮಡಕಶಿರದ ಅನಂತಮ್ಮನ ಹತ್ತಿರ ಇದೆಯೆಂದು ಗೊತ್ತಾದದ್ದೇ, ಕೆಲಸಕ್ಕೆ ರಜೆ ಹಾಕಿ ಬಸ್ಸು ಹತ್ತಿದ. ಎಂಬತ್ತೊಂಬತ್ತರ ಆ ಅಜ್ಜಿಗೆ ರಾಯದುರ್ಗ ತವರು. ಅವನಿಗೆ ಚಹಾ ಕೊಟ್ಟು, ಟ್ರಂಕಿನಿಂದ ಒಂದು ಪೋಸ್ಟ್ ಕಾರ್ಡು ತೆಗೆದಳು. ಅಚ್ಚಾದ ಸ್ಟಾಂಪಿನ ಮೇಲೆ 1952ರ ಮುದ್ರೆ ನಿಚ್ಚಳವಾಗಿತ್ತು. ಹಿಂಬದಿಯ ಮೇಲ್ತುದಿಯಲ್ಲಿ, ಮಸಿಯಲ್ಲಿ ‘ರಾಯದುರ್ಗ, ಬಳ್ಳಾರಿ ಜಿಲ್ಲೆ’.

“ಇದನ್ನ ನನಗ ಕೊಡ್ರಿ ಅಮ್ಮಾ.”

“ಕೊಡಲ್ಲ ಕಣಪ್ಪ. ಕೆಳಗೆ ಓದು.”

ಹೆಣ್ಣು ನೋಡಲು ಹೋಗಿ ರಾಯದುರ್ಗದ ಅಕ್ಕನ ಮನೆಯಲ್ಲಿ ಉಳಿದಿದ್ದ ಅನಂತಮ್ಮನ ಗಂಡ ಈಶ್ವರಯ್ಯ ತನ್ನ ಅಪ್ಪನಿಗೆ ಬರೆದಿದ್ದ: ‘ಹುಡುಗಿ ಪರವಾಗಿಲ್ಲ. ಬೇರೆ ಯಾರೂ ಸಿಗದಿದ್ದರೆ ಇದೇ ಆಗಲಿ.’

ಮದುವೆಯಾದ ವರ್ಷವೇ ಇದು ಅನಂತಮ್ಮನ ಕೈಗೆ ಸಿಕ್ಕಿತ್ತು. ಅಂದಿನಿಂದ ಗಂಡ ಹೆಂಡತಿ ನಡುವೆ ಮಾತಿಗೆ ಮಾತು ಬೆಳೆದಾಗಲೆಲ್ಲ ಕಾರ್ಡು ಹೊರಗೆ ಬರುತ್ತಿತ್ತು.

ಪಡಸಾಲೆಯಲ್ಲಿ ಕೂತಿದ್ದ ಈಶ್ವರಯ್ಯ ಮೆಲ್ಲಗೆ ಹೇಳಿದ, “ತಗೊಂಡ್ ಹೋಗಪ್ಪ. ಎಪ್ಪತ್ತು ವರ್ಷದಿಂದ ಅದೇ ಮಾತು ಕೇಳ್ತಾ ಇವ್ನಿ.”

ಅನಂತಮ್ಮ ಕಾರ್ಡು ತಿರುಗಿಸಿ ವಿಳಾಸದ ಮೇಲೆ ಬೆರಳಿಟ್ಟಳು. “ಇದು ಹೋಗ್ಬೇಕಂದ್ರೆ ಇನ್ನೊಂದು ಬರ್ಬೇಕು. ಅದೇ ವಿಳಾಸಕ್ಕೆ, ಟಪಾಲಲ್ಲೇ.”

ಸಣ್ಣಬಸಪ್ಪ ಪೋಸ್ಟಾಫೀಸಿಗೆ ಓಡಿ ಹೊಸ ಕಾರ್ಡು ತಂದ. ಈಶ್ವರಯ್ಯ ಕನ್ನಡಕ ಹುಡುಕಿ, ಪೆನ್ನು ಕೊಡವಿ, ಎರಡು ಸಾಲು ಬರೆಯಲು ಮುಕ್ಕಾಲು ಗಂಟೆ ತೆಗೆದುಕೊಂಡ. ಏನು ಬರೆದನೆಂದು ಯಾರಿಗೂ ತೋರಿಸಲಿಲ್ಲ. ಸಣ್ಣಬಸಪ್ಪ ಅದನ್ನು ಓದದೆ ಟಪಾಲು ಡಬ್ಬಕ್ಕೆ ಹಾಕಿ, ಬರಿಗೈಯಲ್ಲಿ ಊರಿಗೆ ಬಂದ.

ಆರನೇ ದಿನ ಈಶ್ವರಯ್ಯನ ಫೋನು ಬಂತು. ಪೋಸ್ಟ್‌ಮನ್ ಬಾಗಿಲಲ್ಲಿ ನಿಂತು, ಈ ಹೆಸರಿನವರು ಯಾರು ಅಂತ ಕೇಳಿದನಂತೆ.

“ನಮ್ಮ ಮಾವ. ತೀರ್ಕೊಂಡು ಐವತ್ತು ವರ್ಷ ಆಯ್ತು, ನನ್ ಕೈಗೆ ಕೊಡು,” ಅಂದಳಂತೆ ಅನಂತಮ್ಮ.

“ಏನ್ ಬರದಿದ್ರಿ ಅಜ್ಜಾರ?” ಸಣ್ಣಬಸಪ್ಪ ಕೇಳಿದ.

“ಹುಡುಗಿ ಬಲು ಚೆನ್ನಾಗವ್ಳೆ, ಬೇರೆ ಯಾರ್ನೂ ನೋಡೋದು ಬೇಡ ಅಂತ. ಓದ್ಬಿಟ್ಟು, ಅಕ್ಷರ ಕೆಟ್ಟೋಗೈತೆ ಅಂದ್ಳು. ನೀನು ಬಂದು ತಗೊಂಡ್ ಹೋಗು.”

ಹಳೇ ಕಾರ್ಡು ಮರುದಿನವೇ ರಾಯದುರ್ಗ ಸೇರಿತು. ಸಣ್ಣಬಸಪ್ಪ ಟೈಲರುಗಳನ್ನೆಲ್ಲ ಕರೆದು ಮುಂದೆ ಹಿಡಿದ. ಅವರು ಮುದ್ರೆ ನೋಡಲಿಲ್ಲ, ಜಿಲ್ಲೆಯನ್ನೂ ನೋಡಲಿಲ್ಲ. ಕೆಳಗಿನ ಎರಡು ಸಾಲು ಓದಿ, ಮಿಷನ್ ನಿಲ್ಲಿಸಿ ನಕ್ಕರು.

“ಈ ಹುಡುಗಿ ಈಗ ಎಲ್ಲಿ ಅದಾಳ್ರಿ?” ಕೇಳಿದಳು ಗುಂಡಿ ಹಾಕುವ ಶಿವಲೀಲಾ.

ಸಣ್ಣಬಸಪ್ಪ ಮೊದಲಿಂದ ಹೇಳತೊಡಗಿದ. ಬಳ್ಳಾರಿ ಜಿಲ್ಲೆಯ ಮಾತು ಆ ಸಂಜೆ ಬರಲೇ ಇಲ್ಲ.