ಐದು ಸ್ಪೀಕರ್, ಒಂದು ಕೀಲಿ

‘ಮಾತು ಆಡಿದರೆ ಹೋಯಿತು, ಪ್ಲಗ್ಗು ಕಿತ್ತರೆ ಹೋಯಿತು’ ಅಂತ ಹಿರಿಯರು ಹೇಳಿದ್ದಾರೆ. ಹೇಳಿಲ್ಲ ಅಂತೀರಾ? ಅವರ ಕಾಲದಲ್ಲಿ ಪ್ಲಗ್ಗು ಇರಲಿಲ್ಲ, ಅಷ್ಟೇ. ಈ ಕಥೆ ಮಾತ್ರ ನಡೆದದ್ದು ನಡೆದ ಹಾಗೆ. ಒಂದು ಸುಳ್ಳು ಸೇರಿಸಿದ್ದರೂ ನನ್ನ ನಾಲಿಗೆ ಶಾರ್ಟ್ ಸರ್ಕ್ಯೂಟ್ ಆಗಲಿ.

ನನ್ನ ಸೋದರಮಾವ ಸಿನಿಮಾ ಥಿಯೇಟರಿನ ಆಪರೇಟರ್. ಮದುವೆಗೂ ಮುಂಚಿನಿಂದ ಪ್ರೊಜೆಕ್ಟರ್ ಕ್ಯಾಬಿನ್ನಿನ ಕೀಲಿ ಅವನ ಸೊಂಟ ಬಿಟ್ಟಿಲ್ಲ. ‘ಮೊದಲ ಹೆಂಡತಿ ಅದು, ನಾನು ಎರಡನೆಯವಳು’ ಎನ್ನುತ್ತಾಳೆ ಅತ್ತೆ. ಈಗ ಥಿಯೇಟರಿನಿಂದ ರೀಲು ಹೊರಟು ಕಂಪ್ಯೂಟರ್ ಬರುವುದಿತ್ತು. ಪಕ್ಕದ ಊರಿನಲ್ಲಿ ಅದನ್ನು ನಡೆಸಬಲ್ಲ ಹುಡುಗನೊಬ್ಬ ಕಾದು ಕೂತಿದ್ದ.

ಥಿಯೇಟರ್ ಯಜಮಾನರಿಗೆ ಊರೆಲ್ಲ ಇಟ್ಟ ಹೆಸರು ಇಂಟರ್ವಲ್. ವಾಕ್ಯದ ನಡುವೆ ಅವರು ನಿಂತರೆ ನೀವು ಎದ್ದು ಹೋಗಿ, ಕೈಕಾಲು ತೊಳೆದು, ವಾಪಸ್ ಬಂದು ಕೂರಬಹುದು. ಮಾವನಿಗೆ ಅವರು ಹೇಳಿದ್ದು ಹೀಗೆ:

“ಆಪರೇಟರೇ... ಮನೇಲಿ ಕಂಪ್ಯೂಟರನ್ನ ಟೀವಿಗೆ, ಹೋಮ್ ಥಿಯೇಟರಿಗೆ ನೀವೇ ಜೋಡಿಸಿ... ತೋರಿಸಿ. ಚಿತ್ರ, ಶಬ್ದ ಎರಡೂ ಬಂದ್ರೆ ಕೀಲಿ ನಿಮ್ಮದು. ಬೇರೆಯವರು ಬಾಯಿ ಹಾಕಿದ್ರೆ ಮಾತ್ರ...”

ಉಳಿದದ್ದನ್ನು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ.

ಕಂಪ್ಯೂಟರ್ ನನ್ನದೇ, ಆದರೆ ಮುಟ್ಟುವ ಹಾಗಿಲ್ಲ. ಮಧ್ಯಾಹ್ನವೆಲ್ಲ ಮಾವ ನೆಲದ ಮೇಲೆ ಕೂತು ವೈರುಗಳ ಜೊತೆ ಹೆಣಗಿದ. ವೈರಿಯನ್ನಾದರೂ ನಂಬಬಹುದು, ವೈರನ್ನಲ್ಲ. ಕಂಪ್ಯೂಟರಿನಿಂದ ಟೀವಿಗೆ ಒಂದು ಕೇಬಲ್, ಟೀವಿಯಿಂದ ಹೋಮ್ ಥಿಯೇಟರಿನ ಡಬ್ಬಿಗೆ ಇನ್ನೊಂದು. ಆ ಡಬ್ಬಿಯಿಂದ ಕೋಣೆಯ ಸುತ್ತ ಐದು ಸ್ಪೀಕರು, ಅತ್ತೆಯ ಹೊಲಿಗೆ ಮೆಷಿನ್ನಿನ ಕೆಳಗೆ ದಪ್ಪ ಶಬ್ದದ ಪೆಟ್ಟಿಗೆ. ಚಿತ್ರ ಚಿಟಿಕೆ ಹೊಡೆದ ಹಾಗೆ ಬಂತು. ಶಬ್ದ ಮಾತ್ರ ಹೊಸ ಸೊಸೆಯ ಹಾಗೆ ಕಂಪ್ಯೂಟರಿನ ಒಳಗೇ ಕೂತು ಗುಸುಗುಸು ಅನ್ನುತ್ತಿತ್ತು. ಶಬ್ದವನ್ನು ಟೀವಿಗೆ ಕಳಿಸು ಅಂತ ಕಂಪ್ಯೂಟರಿಗೆ ಹೇಳಿ, ನಿನ್ನ ಬಾಯಿ ಮುಚ್ಚಿ ಡಬ್ಬಿಗೆ ದಾಟಿಸು ಅಂತ ಟೀವಿಗೆ ಹೇಳಿದ ಮೇಲೆ ಡಬ್ಬಿಯ ಹಸಿರು ದೀಪ ಹತ್ತಿತು. ಕಿಟಕಿಯ ಗಾಜು ಝಣ್ ಎಂದಿತು. ಮಾವ ಕಣ್ಣು ಮುಚ್ಚಿ ಕೀಲಿಯನ್ನು ಒಮ್ಮೆ ಮುಟ್ಟಿಕೊಂಡು ಸ್ನಾನಕ್ಕೆ ಹೋದ.

ನಮ್ಮತ್ತೆ ಟೈಲರು. ಮೈ ಅಳತೆಗೆ ಟೇಪು ಬೇಕು ಅವಳಿಗೆ, ಧ್ವನಿಯ ಅಳತೆಗೆ ಕಿವಿ ಸಾಕು; ಒಮ್ಮೆ ಕೇಳಿದ ಧ್ವನಿಯನ್ನು ಹಾಗೇ ಹೊಲಿದುಬಿಡುತ್ತಾಳೆ. ಫೋನನ್ನೇ ಮೈಕ್ ಮಾಡುವ ಆ್ಯಪೊಂದು ಅವಳ ಹತ್ತಿರ ಇತ್ತು. ಫೋನನ್ನು ವೈರಿಲ್ಲದೆ ಡಬ್ಬಿಗೆ ಜೋಡಿಸಿದಳು. ಹಸಿರು ದೀಪ ನೀಲಿಯಾಯಿತು. ಮಾವ ಟವೆಲ್ ಸುತ್ತಿಕೊಂಡು ಕೋಣೆಗೆ ಕಾಲಿಟ್ಟದ್ದೇ ತಡ, ಐದೂ ಕಡೆಯಿಂದ ಯಜಮಾನರು ಗುಡುಗಿದರು:

“ಆಪರೇಟರೇ... ಇದೇನು... ವೇಷ?”

“ಬಂದೆ ಯಜಮಾನ್ರೇ!” ಅಂತ ಮಾವ ಎರಡೂ ಕೈ ಜೋಡಿಸಿದ. ಟವೆಲ್ ಹಿಡಿಯಲು ಕೈ ಉಳಿಯಲಿಲ್ಲ.

ಅತ್ತೆ ಅಡುಗೆಮನೆಯಲ್ಲಿ ಗೋಡೆ ಹಿಡಿದು ನಕ್ಕಳು. ಮಾವ ನಗಲಿಲ್ಲ. “ಇವತ್ತು ಬೇಡಿತ್ತು ಕಣೇ” ಎಂದಷ್ಟೇ ಅಂದ. ಅವಳ ನಗು ಹೊಲಿಗೆ ಬಿಚ್ಚಿದ ಹಾಗೆ ಬಿಟ್ಟುಹೋಯಿತು. ಫೋನು ಚೀಲಕ್ಕೆ ಹಾಕಿಕೊಂಡು ಹಾಲು ತರುತ್ತೇನೆಂದು ಹೊರಟಳು. ಮಾವ ಬಟ್ಟೆ ಹಾಕಿಕೊಂಡು ಬಂದು ದೀಪ ಮತ್ತೆ ಹಸಿರು ಮಾಡಿದ.

ಸಂಜೆ ಇಂಟರ್ವಲ್ ಬಂದರು. ಕುರ್ಚಿಯ ತುದಿಯಲ್ಲಿ ಕೂತರು. ಮಾವ ಒಂದು ಗುಂಡಿ ಒತ್ತಿದ. ಪರದೆಯ ಮೇಲೆ ರೈಲು ಸೇತುವೆ ಹತ್ತಿತು, ಅದರ ಸದ್ದು ನಮ್ಮ ಬೆನ್ನ ಹಿಂದಿನಿಂದ ಹೊರಟು ಮುಂದಕ್ಕೆ ಹೋಯಿತು. ಯಜಮಾನರು ತಲೆ ತುಸು ಆಡಿಸಿದರು. ಮಾವನ ಬಿಗಿದ ಹೆಗಲು ಸಡಿಲಾಯಿತು.

ಆಗ ಹಿಂಬಾಗಿಲ ಚಿಲಕ ಸದ್ದಾಯಿತು. ಮರುಕ್ಷಣ ರೈಲು ಮೂಕವಾಯಿತು.

ಥಿಯೇಟರಿನವರದು ಒಂದು ಧರ್ಮ: ಶಬ್ದ ಹೋದರೆ ಮೊದಲು ಪರದೆಯ ಬೆಳಕು ಆರಿಸು. ಜನ ಕತ್ತಲೆಯನ್ನು ಕ್ಷಮಿಸುತ್ತಾರೆ, ಸುಮ್ಮನೆ ಬಾಯಿ ಆಡಿಸುವ ನಾಯಕನನ್ನಲ್ಲ; ಅವನನ್ನು ಕಂಡರೆ ಕುರ್ಚಿ ಹರಿಯುತ್ತಾರೆ. ಮಾವನ ತಲೆಗಿಂತ ಮೊದಲು ಕೈ ಓಡಿತು. ಗೋಡೆಯ ಪ್ಲಗ್ಗನ್ನೇ ಕಿತ್ತ. ಟೀವಿ, ಡಬ್ಬಿ, ನನ್ನ ಕಂಪ್ಯೂಟರ್, ಎಲ್ಲ ಒಟ್ಟಿಗೆ ಸತ್ತವು.

ಮಾವ ಪ್ಲಗ್ಗು ಮತ್ತೆ ಸಿಕ್ಕಿಸಿದ. ಕಂಪ್ಯೂಟರ್, ನನ್ನನ್ನು ಸರಿಯಾಗಿ ಮಲಗಿಸಲಿಲ್ಲ ಅಂತ ದೂರು ಹೇಳಿ, ಮೈಮುರಿದು, ನಿಧಾನಕ್ಕೆ ಎದ್ದಿತು. ರೈಲು ಬಂತು. ಶಬ್ದ ಬರಲಿಲ್ಲ. ಮಾವ ಟೀವಿಯ ಹಿಂದೆ ತಲೆ ತೂರಿಸಿದ. ಒಂದು ಕೇಬಲ್ ಕಿತ್ತು ಹಾಕಿದ, ಇನ್ನೊಂದು ಅಲ್ಲಾಡಿಸಿದ. ಅವನ ಕತ್ತಿನ ಬೆವರು ಕಾಲರಿಗೆ ಇಳಿಯುತ್ತಿದ್ದದ್ದು ನನಗೆ ಕಾಣುತ್ತಿತ್ತು.

ಅಡುಗೆಮನೆಯ ಬಾಗಿಲಲ್ಲಿ ಅತ್ತೆ ಹಾಲಿನ ಪ್ಯಾಕೆಟ್ ಹಿಡಿದು ನಿಂತಿದ್ದಳು. ಅವಳ ನೋಟ ಡಬ್ಬಿಯ ಮೇಲೆ. ನಾನೂ ನೋಡಿದೆ. ದೀಪ ನೀಲಿ! ಮನೆಗೆ ಬಂದ ಫೋನಿನ ಗುರುತು ಹಿಡಿದು ಆ ಡಬ್ಬಿ ಹಳೆ ಸ್ನೇಹಿತನ ಹಾಗೆ ಅದನ್ನೇ ತಬ್ಬಿಕೊಂಡಿತ್ತು. ಕಂಪ್ಯೂಟರು ಗಂಟಲು ಹರಿದುಕೊಂಡರೂ ಕೇಳುವವರಿಲ್ಲ.

ಮಾವನಿಗೆ ಸನ್ನೆ ಮಾಡೋಣವೆಂದರೆ ಅವನ ತಲೆ ಟೀವಿಯ ಹಿಂದೆ. ಕೂಗೋಣವೆಂದರೆ ಬೇರೆಯವರು ಬಾಯಿ ಹಾಕಬಾರದು. ಆ ಕೋಣೆಯಲ್ಲಿ ಮಾತಾಡುವ ಹಕ್ಕು ಇದ್ದದ್ದು ಯಜಮಾನರೊಬ್ಬರಿಗೆ.

ಅವರು ಬಾಯಿ ತೆರೆದರು. “ಆಪರೇಟರೇ...”

ಮಾತು ನಿಂತಿತು. ಮಾವನ ಕೈ ಕೀಲಿಯ ಮೇಲೆ ಹೋಯಿತು. ಅತ್ತೆ ಚೀಲಕ್ಕೆ ಕೈ ಹಾಕಿ ಬಾಗಿಲ ಮರೆಗೆ ಸರಿದಳು.

“...ವೈರು ಬಿಡಿ. ಡಬ್ಬಿಯ ದೀಪ... ನೋಡಿ.”

ಐದೂ ಸ್ಪೀಕರಿನಿಂದ! ಮಾವ “ಆಯ್ತು ಯಜಮಾನ್ರೇ” ಎನ್ನುತ್ತಲೇ ತಲೆ ಹೊರಗೆ ತೆಗೆದ, ದೀಪ ನೋಡಿದ, ರಿಮೋಟು ಒತ್ತಿದ. ನೀಲಿ ಹೋಗಿ ಹಸಿರು. ರೈಲು ಕೋಣೆಯನ್ನು ನಡುಗಿಸಿ ಸೇತುವೆ ದಾಟಿತು.

ಯಜಮಾನರು ಕೈ ಎತ್ತಿದರು. ಮಾವ ಚಿತ್ರ ನಿಲ್ಲಿಸಿದ.

“ನಾನು ಹೇಳೋಕೆ ಹೊರಟಿದ್ದು...” ಅಂದರು. “...ಅದಲ್ಲ. ಕೀಲಿ ಇಲ್ಲಿ ಕೊಡಿ ಅಂತ.”

ಅತ್ತೆ ಹೊರಗೆ ಬಂದಳು. ಮುಖ ಹಾಲಿನ ಪ್ಯಾಕೆಟ್ಟಿಗಿಂತ ಬಿಳಿ. “ತಪ್ಪು ನಂದು ಯಜಮಾನ್ರೇ. ಶಬ್ದ ಕದ್ದಿದ್ದು ನನ್ನ ಫೋನು. ಮಾತಾಡಿದ್ದೂ ನಾನೇ. ಅವರಿಗೇನೂ ಗೊತ್ತಿಲ್ಲ.”

ಮಾವ ಸೊಂಟದಿಂದ ಕೀಲಿ ಬಿಚ್ಚಿದ. ಗಂಟು ಬಿಗಿಯಾಗಿತ್ತು, ಸ್ವಲ್ಪ ಹೊತ್ತು ಬೇಕಾಯಿತು. “ಬೇರೆಯವರು ಬಾಯಿ ಹಾಕಿದ್ರು. ಮಾತು ಮಾತೇ” ಎಂದು ಮುಂದೆ ಚಾಚಿದ.

ಯಜಮಾನರು ಕೀಲಿ ನೋಡಲಿಲ್ಲ, ಅತ್ತೆಯನ್ನು ನೋಡಿದರು. “ನಾನು... ಹೀಗೇ ಮಾತಾಡ್ತೀನಾ?”

ಅತ್ತೆ ನೆಲ ನೋಡಿದಳು. ಆದರೆ ಹುಟ್ಟುಗುಣ ಸುಟ್ಟರೂ ಹೋಗದಲ್ಲ! “ಇದಕ್ಕಿಂತ... ಸ್ವಲ್ಪ... ನಿಧಾನ” ಅಂದುಬಿಟ್ಟಳು, ಅವರದೇ ಧ್ವನಿಯಲ್ಲಿ. ಮಾವ ಕಣ್ಣು ಮುಚ್ಚಿಕೊಂಡ.

ಇಂಟರ್ವಲ್ಲಿನ ಇತಿಹಾಸದಲ್ಲೇ ದೊಡ್ಡ ಇಂಟರ್ವಲ್ ಅದು.

“ಕೇಳಿಸಿದ್ದು ಯಾರ ಧ್ವನಿ? ನಂದು” ಎಂದರು ಕೊನೆಗೆ. “ಅಂದ್ಮೇಲೆ ಬಾಯಿ ಹಾಕಿದ್ದು... ನಾನು. ನಾನು ಹೇಳ್ದೆ, ನೀವು ಮಾಡಿದ್ರಿ. ಅದೇ ಅಲ್ವಾ ಇಷ್ಟು ವರ್ಷ ನಡೆದಿದ್ದು? ಇನ್ನೊಂದು. ಶಬ್ದ ಹೋದ ಕೂಡ್ಲೇ ಬೆಳಕು ಆರಿಸಿದ್ರಿ. ಆ ಹುಡುಗನ್ನ ನೋಡೋಕೆ ಹೋದಾಗ ಅಲ್ಲೂ ಶಬ್ದ ಹೋಯ್ತು, ಅವನು ಫೋನ್ ನೋಡ್ತಾ ಕೂತಿದ್ದ. ಕಟ್ಕೊಳ್ಳಿ ಕೀಲಿ. ಆದ್ರೆ ಹೊಸ ಮೆಷಿನ್ನಿನ ಪ್ಲಗ್ಗು ಕಿತ್ರೆ...”

ಉಳಿದದ್ದನ್ನು ಚಪ್ಪಲಿ ಹಾಕಿಕೊಂಡರೂ ಹೇಳಲಿಲ್ಲ. ಮೆಟ್ಟಿಲ ಹತ್ತಿರ “ಹಹ್” ಎಂದು ಒಂದು ತುಂಡು ನಗು ಬಂತು. ಅಲ್ಲಿಗೇ ನಿಂತಿತು. ಇಳಿದು ಹೋದರು.

ಆಮೇಲೆ ನಮ್ಮ ಸರದಿ. ಮಾವ ಟವೆಲ್ ಜಾರಿದ್ದನ್ನು ತಾನೇ ಅಭಿನಯಿಸಿ ತೋರಿಸಿದ. ಅತ್ತೆ ನಕ್ಕು ನಕ್ಕು ಹೊಲಿಗೆ ಮೆಷಿನ್ನಿಗೆ ಒರಗಿದಳು. ನಗು ಮುಗಿದು, ಹಾಲು ಒಲೆಯ ಮೇಲೇರಿ, ಮನೆ ತಣ್ಣಗಾದ ಹೊತ್ತಿಗೆ ಬೀದಿಯ ಆ ತಿರುವಿನಿಂದ ಉಳಿದರ್ಧ ಬಂತು ನೋಡಿ, ಇಂಟರ್ವಲ್ ನಂತರದ ನಗು! ನಾಯಿಗಳು ಬೊಗಳಿದವು, ಎದುರುಮನೆಯ ಕಿಟಕಿ ತೆರೆಯಿತು. ನಮ್ಮ ಐದು ಸ್ಪೀಕರು ಒಟ್ಟಿಗೆ ಅರಚಿದರೂ ಅಷ್ಟು ಸದ್ದು ಬರುತ್ತಿರಲಿಲ್ಲ.