ಕತ್ತರಿಸಬೇಕಾಗಿದ್ದ ಬೀಗ

ಸೋಪಿನ ಕಾರ್ಖಾನೆಯ ಎಲೆಕ್ಟ್ರಿಷಿಯನ್‌ಗೆ ದೇವರ ಜೊತೆ ಸಲಿಗೆ ಸ್ವಲ್ಪ ಜಾಸ್ತಿ. ದಿನಾ ಬೆಳಿಗ್ಗೆ ಮಂಡಿಯೂರಿ, "ಕರ್ತನೇ, ನಿನ್ನ ಮನಸ್ಸಿನಲ್ಲಿ ಏನಿದೆಯೋ ನನಗೂ ತಿಳಿಸು, ನಿನ್ನ ಕೆಲಸಕ್ಕೆ ನನ್ನನ್ನೂ ಸೇರಿಸಿಕೋ" ಎಂದು ಬೇಡುತ್ತಿದ್ದ. ಬೇಡಿದವನು ಅಷ್ಟಕ್ಕೇ ಏಳಬೇಕೋ ಬೇಡವೋ? "ಆ ಫಿಟ್ಟರ್ ವಿಷಯ ಒಂದು ಬಿಟ್ಟು" ಎಂದು ಕೊನೆಗೊಂದು ಬಾಲ ಅಂಟಿಸುತ್ತಿದ್ದ. ಫಿಟ್ಟರ್ ಎಂದರೆ ಅವನ ತಂಗಿಯ ಗಂಡ. ತುಂಬು ಬಸುರಿಯನ್ನು ತವರಿಗೆ ಬಿಟ್ಟು ಹೋದ ಪುಣ್ಯಾತ್ಮ, ಮಗು ಹುಟ್ಟಿ ಐದು ತಿಂಗಳಾದರೂ ಅತ್ತ ತಲೆ ಹಾಕಿರಲಿಲ್ಲ. ಒಂದೇ ಕಾರ್ಖಾನೆ, ಒಂದೇ ಪಾಳಿ, ಆದರೂ ಇಬ್ಬರಿಗೂ ಮಾತಿಲ್ಲ ಕತೆಯಿಲ್ಲ.

ಆ ಮಧ್ಯಾಹ್ನ ದೊಡ್ಡ ಮಿಕ್ಸರಿನ ರಿಪೇರಿ ಮುಗಿದಿತ್ತು. ಮಿಕ್ಸರ್ ಎಂದರೆ ಎರಡಾಳೆತ್ತರದ ಉಕ್ಕಿನ ಡ್ರಮ್ಮು, ಒಳಗೆ ಸೋಪು ಕಲಸುವ ಭಾರಿ ಅಲಗುಗಳು. ಒಳಗಿಳಿಯುವ ಪ್ರತಿಯೊಬ್ಬನೂ ಮೊದಲು ಮೇನ್ ಸ್ವಿಚ್ಚಿಗೆ ತನ್ನದೊಂದು ಬೀಗ ಜಡಿದು, ಕೀಲಿ ಜೇಬಿಗೆ ಹಾಕಿಕೊಳ್ಳಬೇಕು. ಹೊರಬಂದ ಮೇಲೆ ತಾನೇ ತೆಗೆಯಬೇಕು. ಒಂದೇ ಒಂದು ಬೀಗ ಉಳಿದರೂ ಮಿಕ್ಸರ್ ತಿರುಗುವುದಿಲ್ಲ. ಇಳಿದವರು ಮೂವರು. ಇಬ್ಬರು ತಮ್ಮ ಬೀಗ ತೆಗೆದಿದ್ದರು. ಮೂರನೆಯದು ಇನ್ನೂ ನೇತಾಡುತ್ತಿತ್ತು, ಅದರ ಚೀಟಿಯ ಮೇಲೆ ಫಿಟ್ಟರನ ಫೋಟೊ.

"ಮತ್ತೆ ಮರೆತು ಹೋಗಿದ್ದಾನೆ ಮಹಾರಾಯ," ಎಂದ ಸೂಪರ್‌ವೈಸರ್. "ಇದು ಮೂರನೇ ಸಲ. ಗೇಟ್‌ನಲ್ಲಿ ಕೇಳಿದ್ರೆ ಮೂವರೂ ಊಟಕ್ಕೆ ಹೋದ್ರು ಅಂತಾನೆ ವಾಚ್‌ಮನ್. ಫೋನ್ ಸ್ವಿಚ್ ಆಫ್. ಲೈನ್ ನಿಂತು ಒಂದು ಗಂಟೆ ಆಯ್ತು, ಕಟ್ ಮಾಡ್ರಿ."

"ನಮ್ಮ ಹಿಂದೇನೇ ಬರ್ತಿದ್ದ ಸಾರ್," ಎಂದರು ಊಟ ಮುಗಿಸಿ ಬಂದಿದ್ದ ಉಳಿದಿಬ್ಬರು. ಹಿಂದೆ ತಿರುಗಿ ನೋಡಿದಿರಾ ಎಂದು ಯಾರೂ ಕೇಳಲಿಲ್ಲ.

ಪರರ ಬೀಗ ಕತ್ತರಿಸುವ ಅಧಿಕಾರ ಎಲೆಕ್ಟ್ರಿಷಿಯನ್‌ಗೆ ಮಾತ್ರ. ಅದಕ್ಕೂ ಮೊದಲು ಒಳಗಿಳಿದು ನೋಡಿ, ಯಾರೂ ಇಲ್ಲವೆಂದು ಸಹಿ ಹಾಕಬೇಕು. ಅವನು ಡ್ರಮ್ಮಿನ ಬಾಯಲ್ಲೇ ಬಗ್ಗಿ ಟಾರ್ಚ್ ಬಿಟ್ಟ. ಅಲಗು ಕಂಡಿತು, ಅಲಗಿನ ಹಿಂದೆ ಏನಿದೆಯೋ ಕಾಣಲಿಲ್ಲ. "ಯಾರಾದ್ರೂ ಇದ್ದೀರಾ?" ಎಂದು ಕೂಗಿದ. ಉತ್ತರವಿಲ್ಲ.

ನಿಜ ಹೇಳಬೇಕೆಂದರೆ, ಅವನಿಗೆ ಒಳಗೊಳಗೇ ಹಾಲು ಕುಡಿದಷ್ಟು ಸಂತೋಷವಾಯಿತು. ಮೂರು ಸಲ ಬೀಗ ಮರೆತವನಿಗೆ ಕೆಲಸದಲ್ಲಿ ಜಾಗವಿಲ್ಲ. ಒಂದು ಸಹಿ ಸಾಕು. ಕೊನೆಗೂ ದೇವರು ಕಣ್ಣು ಬಿಟ್ಟ, ಇವನನ್ನು ನನ್ನ ಕೈಗೇ ಕೊಟ್ಟ ಎಂದುಕೊಂಡು ಬೀಗಕ್ಕೆ ಕಟರ್ ಹಚ್ಚಿದ.

ಕೈ ಒತ್ತಲಿಲ್ಲ. ಬೇರೆ ಯಾರ ಬೀಗವಾಗಿದ್ದರೂ ಇಷ್ಟೊತ್ತಿಗೆ ಇಳಿದು ನೋಡಿರುತ್ತಿದ್ದ. ಅದು ಅವನಿಗೂ ಗೊತ್ತು, ದೇವರಿಗೂ ಗೊತ್ತು. ಅಕಸ್ಮಾತ್ ಒಳಗೇ ಇದ್ದರೆ?

"ಹಿಡ್ಕೊಂಡು ಏನ್ರೀ ಜಪ ಮಾಡ್ತೀರಾ? ಕತ್ತರಿಸ್ರಿ!"

'ಸ್ವಾಮಿ, ಇದು ನಿನ್ನ ಮನಸ್ಸಾ, ನನ್ನ ಮನಸ್ಸಾ?' ಎಂದು ಕೇಳಿದ. ಅಶರೀರವಾಣಿಯೇನೂ ಕೇಳಿಸಲಿಲ್ಲ. ಕೇಳಿಸುವ ಅಗತ್ಯವೂ ಇರಲಿಲ್ಲ. ಇಷ್ಟು ವರ್ಷ ಮಾತಾಡಿಸಿದವನ ಸ್ವಭಾವ ತಿಳಿಯದೆ ಇರುತ್ತದೆಯೇ? ಮೇಲಿಂದಲೇ ಇಣುಕಿ ಸಹಿ ಹಾಕಿ ಸುಮ್ಮನಿರಬಹುದಾಗಿದ್ದವನು, ತನ್ನನ್ನು ಬೇಡವೆಂದವರ ನಡುವೆಯೇ ಇಳಿದು ಬಂದಿದ್ದ, ಶಿಲುಬೆಗೂ ಏರಿದ್ದ. ಅಂಥವನ ಕೆಲಸಕ್ಕೆ ತಾನೇ ಇವನು ಸೇರಿಸಿಕೋ ಎಂದು ಗೋಗರೆದದ್ದು? ಈಗ ಹಿಂದೆ ಸರಿದರೆ ಮರ್ಯಾದೆಯೇ?

ಕಟರ್ ಕೆಳಗಿಟ್ಟು, ಜೇಬಿನಿಂದ ತನ್ನ ಬೀಗ ತೆಗೆದು ಫಿಟ್ಟರನ ಬೀಗದ ಪಕ್ಕದಲ್ಲೇ ಜಡಿದ.

"ರೀ! ಒಂದನ್ನ ತೆಗೀರಿ ಅಂದ್ರೆ ಎರಡು ಮಾಡಿದ್ರಲ್ಲ!" ಸೂಪರ್‌ವೈಸರ್ ಕೆಂಡಾಮಂಡಲವಾದ. "ಮ್ಯಾನೇಜರ್‌ಗೆ ನೀವೇ ಉತ್ತರ ಕೊಡ್ಬೇಕು."

"ಕೊಡ್ತೀನಿ. ಹಗ್ಗ ಹಿಡ್ಕೊಳ್ಳಿ."

ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿದ. ಸೋಪಿನ ಜಿಡ್ಡಿಗೆ ಕಾಲು ನಿಲ್ಲುತ್ತಿರಲಿಲ್ಲ. ಮೇಲಿನ ಅಲಗು ದಾಟಿದ, ನಡುವಿನದನ್ನು ದಾಟಿದ. ತಳದ ಅಲಗನ್ನು ಬಳಸಿ ಟಾರ್ಚ್ ಹಿಡಿದರೆ ಒಂದು ಬೂಟು ಕಂಡಿತು.

ಫಿಟ್ಟರ್ ಜಾರಿ ಬಿದ್ದು ಅಲಗಿನ ಅಡಿಯಲ್ಲಿ ಮುದುಡಿದ್ದ, ತಲೆಯ ಹಿಂದೆ ರಕ್ತ. ಮೂಗಿನ ಹತ್ತಿರ ಬೆರಳು ಹಿಡಿದ. ಉಸಿರಿತ್ತು. "ಆಂಬುಲೆನ್ಸ್ ಕರೀರೋ! ಇಲ್ಲೇ ಇದ್ದಾನೆ, ಜೀವ ಇದೆ!" ಎಂದು ಗಂಟಲು ಹರಿಯುವಂತೆ ಕೂಗಿದ. ಮೇಲಿಂದ ಸೂಪರ್‌ವೈಸರ್ ಫೋನ್ ಮಾಡುವುದು ಕೇಳಿಸಿತು. ಆ ಕಟರನ್ನು ಒಂದು ಚೂರು ಒತ್ತಿದ್ದರೆ ತಂಗಿಯ ಮುಖ ನೋಡುವುದು ಹೇಗಿತ್ತು?

ಫಿಟ್ಟರ್ ಕಷ್ಟಪಟ್ಟು ಕಣ್ಣು ತೆರೆದ. ಟಾರ್ಚಿನ ಹಿಂದಿನ ಮುಖ ಗುರುತಾಗಲು ಸ್ವಲ್ಪ ಹೊತ್ತು ಹಿಡಿಯಿತು. ಗುರುತಾದದ್ದೇ ಹೆದರಿ ಹಿಂದೆ ಸರಿಯಲು ನೋಡಿದ.

"ಭಾವಾ... ನೀವ್ಯಾಕೆ ಬಂದ್ರಿ?"

ಎಲೆಕ್ಟ್ರಿಷಿಯನ್‌ಗೆ ಸಿಟ್ಟು ಇಳಿದಿರಲಿಲ್ಲ. ಅದರ ಜೊತೆಗೇ ಅಳುವೂ ಒತ್ತರಿಸಿ ಬಂತು.

"ಬರೋಕೆ ನಂಗೆ ಮನಸ್ಸಿರ್ಲಿಲ್ಲ ಕಣೋ," ಎಂದ. "ಕಳ್ಸಿದವನು ಬಿಡ್ಲಿಲ್ಲ. ಅಲ್ಲಾಡ್ಬೇಡ, ತಲೆ ನಾನು ಹಿಡ್ಕೊಂಡಿದ್ದೀನಿ."